ಕಿವಿ ಇದ್ದ ಹಾವು

ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಶ್ರಾವಣ ಹತ್ತಿರ ಬಂತೆಂದರೆ ಮದುವೆಯಾದವಳ ಕಣ್ಣು ಬಾಗಿಲ ಕಡೆಗೇ. ತವರಿನಿಂದ ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ, ಅತ್ತೆ ಒಂದಿಷ್ಟು ಬಿಗುಮಾನ ಮಾಡಿ ಕಳಿಸುತ್ತಾಳೆ, ಹೋದವಳು ಜೋಕಾಲಿ ಜೀಕಿ, ಎಳ್ಳು ಶೇಂಗಾದ ಉಂಡಿ ತಿಂದು, ಗಂಡನ ಮನೆಯ ಸುದ್ದಿಯನ್ನೆಲ್ಲ ಹೇಳಿ ಹಗುರಾಗಿ ಬರುತ್ತಾಳೆ. ನಾನು ಗದಗಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಕೂತವಳು. ಮಗಳ ಮದುವೆಯನ್ನೂ ಮಾಡಿದ್ದೇನೆ. ಆದರೂ ಒಂದು ಪಂಚಮಿಗೂ ತವರು ತಪ್ಪಿಸಿಲ್ಲ. ಅಂಗಡಿಯನ್ನು ಗಂಡನ ತಲೆಗೆ ಕಟ್ಟಿ, ಶಿರಹಟ್ಟಿಯ ಬಸ್ಸು ಹತ್ತಿ, ಅಲ್ಲಿಂದ ಹೊಳೆಸಾಲಿನ ನಮ್ಮ ಹಳ್ಳಿಗೆ ಹೋದರೇ ನನಗೆ ಹಬ್ಬ.

ನಮ್ಮವ್ವ ಮಾತ್ರ ಮದುವೆಯಾಗಿ ಬಂದ ಮೇಲೆ ಒಂದು ಪಂಚಮಿಗೂ ತನ್ನ ತವರಿಗೆ ಹೋದವಳಲ್ಲ. ಅವಳ ತವರೇನು ದೂರದ ದೇಶವೇ? ಲಕ್ಷ್ಮೇಶ್ವರ. ಕಟ್ಟಿಕೊಂಡ ಬುತ್ತಿ ಆರುವುದರೊಳಗೆ ಮುಟ್ಟುವ ಊರು. ಮದುವೆಗೆ, ಬಾಣಂತನಕ್ಕೆ ಹೋಗುತ್ತಿದ್ದಳು. ಪಂಚಮಿಗೆ ಮಾತ್ರ ಇಲ್ಲ. ಕಾರಣ, ನಮ್ಮ ಹೊಲದ ಬಾವಿಯಲ್ಲಿದ್ದ ಹಾವು.

ಬಾವಿ ಹಳೆಯದು, ಕಲ್ಲಿನದು. ನೀರಿನವರೆಗೆ ಪಾವಟಿಗೆ, ಅಂದರೆ ಮೆಟ್ಟಿಲು, ಕಟ್ಟಿದ್ದಾರೆ. ಅದರ ಪಕ್ಕದಲ್ಲೇ ಒಂದು ಹಳ್ಳ ಹರಿದು ಮುಂದೆ ತುಂಗಭದ್ರೆಗೆ ಸೇರುತ್ತದೆ. ಹಿಂದೆ ಯಾವುದೋ ಮಹಾಪೂರದಲ್ಲಿ ಹಳ್ಳದ ನೀರು ಬಾವಿಗೆ ನುಗ್ಗಿತ್ತಂತೆ. ನೀರು ಇಳಿದ ಮೇಲೆ ನೋಡಿದರೆ ಬಾವಿಯೊಳಗೆ ನಾಗಪ್ಪ. ಕಚ್ಚಲಿಲ್ಲ, ಹೆಡೆ ಎತ್ತಲಿಲ್ಲ, ಬಾವಿ ಬಿಟ್ಟು ಹೋಗಲೂ ಇಲ್ಲ. ಪ್ರತಿವರ್ಷ ಪಂಚಮಿ ಬಂದಾಗ ಮಾತ್ರ ತಾನೇ ತಾನಾಗಿ ಕೆಳಗಿನ ಪಾವಟಿಗೆಯವರೆಗೆ ಏರಿ ಬಂದು ಕಾಯುತ್ತಿತ್ತು. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಬಿತ್ತು: ಪಂಚಮಿಯ ಬೆಳಿಗ್ಗೆ ಮನೆಯ ಹಿರಿಯ ಸೊಸೆಯೇ ಇಳಿದು ಅದಕ್ಕೆ ಹಾಲೆರೆಯಬೇಕು. ಅದು ಬಂದು ಮುಖ ತೋರಿಸಿದ ಮೇಲೆಯೇ ಮನೆಯಲ್ಲಿ ಉಂಡಿಯ ಡಬ್ಬಿ ತೆರೆಯುವುದು. ಒಂದು ವರ್ಷ ಯಾವಳೋ ಹಿರಿಯ ಸೊಸೆ ತವರಿನ ಆಸೆಗೆ ಹೋಗಿಬಿಟ್ಟಳಂತೆ, ಆ ವರ್ಷವೇ ಮನೆಯ ಜೋಡಿ ಎತ್ತು ಸತ್ತವಂತೆ. ಎತ್ತು ಯಾಕೆ ಸತ್ತವು ಎಂದು ಯಾರೂ ಕೇಳಲಿಲ್ಲ. ನಾನು ಆಗ ಹುಟ್ಟಿದ್ದರೆ ಕೇಳುತ್ತಿದ್ದೆ.

ಹಾಗಾಗಿ ನನ್ನ ಬಾಲ್ಯದ ಪಂಚಮಿ ಎಂದರೆ ಬಾವಿಯ ದಂಡೆ. ನಾವೆಲ್ಲ ಮೇಲೆ ನಿಲ್ಲುವುದು. ಅವ್ವ ಮಡಿಯುಟ್ಟು ಹಾಲಿನ ಚರಿಗೆ ಹಿಡಿದು ಇಳಿಯುವುದು. ಜಿಟಿಜಿಟಿ ಮಳೆ. ಪಾವಟಿಗೆಯ ಮೇಲಿಂದ ಮಳೆನೀರು ಸಣ್ಣಗೆ ಹರಿದು ಬಾವಿಗೆ ಇಳಿಯುತ್ತಿತ್ತು. ಅವ್ವ ಕೊಬ್ಬರಿ ಬಟ್ಟಲಿನಲ್ಲಿ ಹಾಲು ತೆಗೆದು, “ದೇವರ ಪಾಲು, ಅತ್ತಿ ಪಾಲು, ಮಾವನ ಪಾಲು, ಮಕ್ಕಳ ಪಾಲು” ಎಂದು ಒಬ್ಬೊಬ್ಬರ ಹೆಸರಿನಲ್ಲಿ ಎರೆಯುತ್ತಿದ್ದಳು. ಕಡೆಗೆ, ಬಹಳ ಸಣ್ಣ ದನಿಯಲ್ಲಿ, “ನನ್ನ ತಮ್ಮನ ಪಾಲು” ಎನ್ನುತ್ತಿದ್ದಳು. ಮೇಲಿನಿಂದ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, “ಬಂದ್ನೇನ?” ಎಂದು ಕೂಗಬೇಕು. ಕೆಳಗಿನಿಂದ ಅವ್ವ “ಬಂದಾನ್ರಿ” ಎನ್ನಬೇಕು. ಆಮೇಲೆ ಹಬ್ಬ.

ನಮ್ಮ ನಾಗಪ್ಪನ ವಿಶೇಷವೆಂದರೆ ಅವನಿಗೆ ಕಿವಿ ಇದ್ದವು. ತಲೆಯ ಹಿಂದೆ ಎರಡೂ ಕಡೆ ಒಂದೊಂದು, ಸಣ್ಣ ಎಲೆಯಷ್ಟು. ಮೇಲಿನಿಂದಲೂ ಕಾಣುತ್ತಿದ್ದವು. ಕಿವಿ ಇದೆ ಎಂಬ ಕಾರಣಕ್ಕೇ ಊರಿನ ಹೆಂಗಸರು ಬಂದು, ಬಾವಿಗೆ ಬಾಗಿ, ತಮ್ಮ ಮನಸ್ಸಿನದನ್ನು ಹೇಳಿಕೊಂಡು ಹೋಗುತ್ತಿದ್ದರು. ಶಾಲೆಯಲ್ಲಿ ಹಾವಿಗೆ ಕಿವಿ ಇಲ್ಲ ಎಂದು ಓದಿ ಬಂದ ನಾನು ಆಯಿಯನ್ನು ಬಿಡಲಿಲ್ಲ.

“ಆಯಿ, ಹಾವಿಗೆ ಕಿವಿ ಇರೂದಿಲ್ಲಂತ.”

“ಹಿಂತಾ ದೊಡ್ಡ ನಾಗಪ್ಪಗ ಇರ್ತಾವು. ಹೇಳಿದ್ದು ಕೇಳಾಕ ದೇವರು ಕೊಟ್ಟಾನ. ನಿನಗ ಕೊಟ್ಟಿದ್ದು ದಂಡ.”

ಲಕ್ಷ್ಮೇಶ್ವರದಿಂದ ನಮ್ಮ ಸೋದರಮಾವ, ಅವ್ವನ ತಮ್ಮ, ಪ್ರತಿವರ್ಷ ತಪ್ಪದೆ ಬರುತ್ತಿದ್ದ. ಹಬ್ಬದ ಹಿಂದಿನ ದಿನ. ಕೈಯಲ್ಲಿ ಉಂಡಿಯ ಚೀಲ, ಒಂದು ಸೀರೆ. ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಚಾಪೆಯ ತುದಿಯಲ್ಲಿ ಕುಳಿತು ಆಯಿಗೆ ಹೇಳುತ್ತಿದ್ದ: “ಅಕ್ಕನ್ನ ಕಳಸ್ರಿ, ಕರಕೊಂಡ ಹೋಗಾಕ ಬಂದೀನಿ.” ಆಯಿ, “ಮುಂದಿನ ವರ್ಷ ನೋಡೂಣು ತಮ್ಮಾ” ಎನ್ನುತ್ತಿದ್ದಳು. ಇಬ್ಬರಿಗೂ ಮಾತು ಬಾಯಿಪಾಠವಾಗಿತ್ತು. ಮಾವ ಅಕ್ಕನ ಕಡೆ ಒಮ್ಮೆ ನೋಡಿ, ಖಾಲಿ ಚೀಲ ಮಡಚಿ ಬಗಲಿಗಿಟ್ಟುಕೊಂಡು ಬಸ್ಸಿಗೆ ಹೋಗುತ್ತಿದ್ದ. ಆ ದಿನ ಅವ್ವನ ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಗಿರುತ್ತಿತ್ತು.

ಆಯಿ ಹೋದಳು. ಅಣ್ಣನ ಮದುವೆಯಾಯಿತು. ಪದ್ಧತಿಯ ಪ್ರಕಾರ ಇನ್ನು ಅಣ್ಣನ ಹೆಂಡತಿ, ನಮ್ಮ ವೈನಿ, ಬಾವಿಗೆ ಇಳಿಯಬೇಕಿತ್ತು. ವೈನಿಯ ತವರು ಗದಗಿನ ಪಕ್ಕದ ಕಳಸಾಪುರ. ಮದುವೆಯಾದ ವರ್ಷವೇ, ಅವಳ ಅಣ್ಣ ಕರೆಯಲು ಬಂದು ಚಾಪೆಯ ತುದಿಯಲ್ಲಿ ಕೂತಿದ್ದಾಗ, ಅವ್ವ ಅವನಿಗೆ ಬಾಯಿ ತೆರೆಯಲೂ ಬಿಡಲಿಲ್ಲ. “ಕರಕೊಂಡ ಹೋಗಪಾ ನಿನ್ನ ತಂಗೀನ. ಹಾಲ ಎರಿಯಾಕ ನಾ ಇನ್ನೂ ಗಟ್ಟಿ ಅದೀನಿ” ಎಂದಳು. ಅಂದಿನಿಂದ ಪ್ರತಿ ಪಂಚಮಿಗೂ ನಾನು ಗದಗಿನಿಂದ ಬರುವುದು, ವೈನಿ ಕಳಸಾಪುರಕ್ಕೆ ಹೋಗುವುದು. ದಾರಿಯಲ್ಲಿ ಎರಡು ಬಸ್ಸುಗಳು ಎದುರುಬದುರಾಗುತ್ತಿದ್ದವೋ ಏನೋ. ಅವ್ವ ಮಾತ್ರ ಇದ್ದಲ್ಲೇ ಇದ್ದಳು.

ಕನ್ನಡಕದ ಅಂಗಡಿಯಲ್ಲಿ ಕೂತವರಿಗೆ ಒಂದು ದುರಭ್ಯಾಸ ಬೀಳುತ್ತದೆ. ಎದುರಿಗೆ ಬಂದವರ ಮುಖ ನೋಡುವ ಮೊದಲು ಕಣ್ಣು ನೋಡುತ್ತೇವೆ. ಮದುವೆಗೆ ಹೋದರೂ ಮದುಮಗಳ ಒಡವೆಯ ಮೇಲೆ ನನಗೆ ಲಕ್ಷ್ಯವಿಲ್ಲ, ಅವಳಿಗೆ ದೂರದ್ದು ಕಾಣುತ್ತದೋ ಇಲ್ಲವೋ ಎಂಬ ಚಿಂತೆ. ನಮ್ಮ ನಾಗಪ್ಪ ಸಿಕ್ಕಿಬಿದ್ದದ್ದು ನನ್ನ ಈ ಚಟದಿಂದ.

ಹೋದ ವರ್ಷದ ಹಿಂದಿನ ಪಂಚಮಿ ಅದು. ಅವ್ವನ ಮೊಣಕಾಲು ಅಷ್ಟೊತ್ತಿಗೆ ಕೆಟ್ಟಿದ್ದವು. ಮನೆಯ ಹೆಣ್ಣುಮಕ್ಕಳು ಬಾವಿಗೆ ಇಳಿಯಬಾರದು, ಅವರು ಕೊಟ್ಟ ಮನೆಗೆ ಸೇರಿದವರು ಎಂಬುದು ನೇಮ. “ನೇಮ ಹಿಡಕೊಂಡ ನೀ ಬೀಳತಿ” ಎಂದು ರೇಗಿ, ಅವಳ ರಟ್ಟೆ ಹಿಡಿದು ನಾನೂ ಇಳಿದೆ. ಅಷ್ಟು ವರ್ಷ ಮೇಲಿಂದಲೇ ನೋಡಿದ ನಾಗಪ್ಪನನ್ನು ಮೊದಲ ಸಲ ಕೈಯಳತೆಯಲ್ಲಿ ನೋಡಿದೆ. ಹೆದರಿಕೆಯಾಯಿತು, ಸುಳ್ಳೇಕೆ? ನನ್ನ ತೋಳಿಗಿಂತ ಉದ್ದ, ಮಣಿಕಟ್ಟಿಗಿಂತ ದಪ್ಪ. ಆದರೆ ಹೆದರಿಕೆಯ ಹಿಂದೆಯೇ ನನ್ನ ಹಳೆಯ ರೋಗ ಎದ್ದಿತು. ಇದು ನೀರಿನಿಂದ ತಲೆ ಎತ್ತಿ ಉಸಿರು ತೆಗೆದುಕೊಳ್ಳುತ್ತಿಲ್ಲವಲ್ಲ? ನಾಲಿಗೆ ಹೊರಹಾಕುತ್ತಿಲ್ಲವಲ್ಲ? ಬೆನ್ನಿನುದ್ದಕ್ಕೂ ಲಂಗದ ಅಂಚಿನ ಹಾಗೆ ಏನೋ ಅಲೆಯಾಡುತ್ತಿದೆಯಲ್ಲ? ಕಿವಿಗಳು ಮೆಲ್ಲಗೆ ಬೀಸುತ್ತಿದ್ದವು. ಹಾಲು ನೀರಿನಲ್ಲಿ ಬೆಳ್ಳಗೆ ಹರಡಿತು. ಅದು ಹಾಲಿನ ಕಡೆ ತಿರುಗಿಯೂ ನೋಡಲಿಲ್ಲ. ಪಾವಟಿಗೆಯಿಂದ ಮಳೆನೀರು ಹರಿದು ಬರುತ್ತಿದ್ದ ಕಡೆಗೇ ಮೂತಿ ಇಟ್ಟುಕೊಂಡು ನಿಂತಿತ್ತು.

ಮತ್ತೆ ಕಣ್ಣು. ಆ ಮುಖಕ್ಕೆ ಒಪ್ಪದಷ್ಟು ದೊಡ್ಡ ಕಣ್ಣು, ಕಪ್ಪಗೆ, ಗುಂಡಗೆ.

“ಅವ್ವಾ, ಇದರ ಕಣ್ಣು ಮೊದಲಿಂದ್ಲೂ ಇಷ್ಟ ದೊಡ್ಡವೇನು?” ಎಂದೆ.

ಅವ್ವ ಬಟ್ಟಲನ್ನು ಚರಿಗೆಯೊಳಗೆ ಇಟ್ಟು ಹೇಳಿದಳು: “ಇಲ್ಲ. ನಿಮ್ಮಪ್ಪ ಹೋದ ಮ್ಯಾಲ ಆಗ್ಯಾವು. ಮೊದಲ ಹೊಟ್ಟಿ ಅರಿಷಿಣದಂಗ ಇತ್ತು. ಈಗ ನೋಡು, ಬಣ್ಣ ಹೋಗಿ ಬಿಳೇದಾಗೇತಿ. ಊಟಾನೂ ಬಿಟ್ಟೈತಿ. ಬಾಂವ್ಯಾಗ ಕಪ್ಪಿ ಎಷ್ಟ ಆಗ್ಯಾವ ನೋಡು. ನನ್ನ ಜೋಡಿ ಅದೂ ದುಃಖ ಮಾಡಾಕತ್ತೈತಿ.”

ಹಾಲೆರೆಯುತ್ತಲೇ ಅವ್ವ ಎಷ್ಟನ್ನು ಗಮನಿಸಿದ್ದಳು! ಆದರೂ ಮೊಬೈಲು ತೆಗೆದು ವಿಡಿಯೋ ಮಾಡಿಕೊಂಡೆ. ನನ್ನ ಸ್ವಭಾವಕ್ಕೆ ಮದ್ದಿಲ್ಲ.

ಗದಗಿಗೆ ಬಂದ ಮೇಲೆ ಆ ವಿಡಿಯೋವನ್ನು ದಿನಕ್ಕೆಷ್ಟು ಸಲ ನೋಡಿದೆನೋ. ನಮ್ಮ ಮನೆಯವರು, “ಗಿರಾಕಿ ಕಣ್ಣು ಬಿಟ್ಟು ಹಾವಿನ ಕಣ್ಣಿನ ಹಿಂದ ಬಿದ್ದಾಳ. ಇನ್ನ ಅದಕ್ಕ ನಂಬರ ತಗದು ಚಸ್ಮಾ ಹಾಕಿದ್ರ ಮುಗೀತು” ಎಂದು ಎದುರು ಅಂಗಡಿಯವರಿಗೆಲ್ಲ ಹೇಳಿ ನಗುತ್ತಿದ್ದರು. ನಗಲಿ. ಕಡೆಗೆ ಒಂದು ದಿನ ಧೈರ್ಯ ಮಾಡಿ ಬೆಟಗೇರಿಯಲ್ಲಿ ಮೀನು ಮಾರುವ ಸಾಲಿಗೆ ಹೋದೆ. ನಮ್ಮದು ತತ್ತಿಯನ್ನೂ ಮುಟ್ಟದ ಮನೆತನ. ಮೀನು ಎಂದರೆ ಪುಸ್ತಕದ ಚಿತ್ರವೇ. ಸೆರಗನ್ನು ಮೂಗಿಗೆ ಒತ್ತಿಕೊಂಡು ನಾನು ನಡೆಯುತ್ತಿದ್ದ ಚಂದ ನೋಡಿ ಅಲ್ಲಿದ್ದವರೆಲ್ಲ ಮುಸಿಮುಸಿ ನಗುತ್ತಿದ್ದರು. ಅಲ್ಲಿ ನನಗೆ ಗುರುತಿದ್ದದ್ದು ಒಬ್ಬ ಮುಸಲ್ಮಾನ ಹೆಣ್ಣುಮಗಳು. ನಮ್ಮಲ್ಲೇ ಕನ್ನಡಕ ಮಾಡಿಸಿದವಳು. ನಾನು ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುತ್ತೇನೆ.

“ಅಕ್ಕಾರ, ದಾರಿ ತಪ್ಪಿ ಬಂದೀರೇನ್ರಿ?” ಎಂದಳು.

ಮೊಬೈಲು ಕೊಟ್ಟೆ. ಆಪಾ ಕನ್ನಡಕ ಏರಿಸಿ ಎರಡು ಕ್ಷಣ ನೋಡಿದಳು ಅಷ್ಟೆ.

“ಇದ್ ಹಾವ ಅಲ್ರಿ, ಮೀನ. ಹಾವಮೀನ ಅಂತಾರ. ಕಿವಿಯಂಗ ಕಾಣೂವು ಈಜೂ ರೆಕ್ಕಿ. ಎಲ್ಲಿ ಸಿಕ್ತು? ಈಗೀಗ ಹೊಳ್ಯಾಗ ಕಾಣವಲ್ವು.”

“ನಮ್ಮ ಬಾಂವ್ಯಾಗ. ನಾವು ಅದಕ್ಕ ಪಂಚಮಿಗೆ ಹಾಲ ಎರಿತೀವಿ” ಎಂದೆ. ಹೇಳಿ ನಾಲಿಗೆ ಕಚ್ಚಿಕೊಂಡೆ.

ಆಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ನೀವು ಹಾಲ ಎರಿತೀರಿ, ನಾವು ಎಣ್ಣಿ ಎರಿತೀವಿ!” ಎಂದಳು. ನನಗೂ ನಗು ತಡೆಯಲಿಲ್ಲ. ಸೆರಗು ಮೂಗಿನಿಂದ ಜಾರಿ, ವಾಸನೆಯೂ ಮರೆತುಹೋಯಿತು. ಆಮೇಲೆ ಅವಳೇ ಒಂದು ಮಾತು ಹೇಳಿದಳು. ಅವಳ ಅಪ್ಪ ಮುಂಡರಗಿ ಕಡೆ ಹೊಳೆಯಲ್ಲಿ ಬಲೆ ಹಾಕುತ್ತಿದ್ದನಂತೆ. ಎಷ್ಟೋ ಹಾವುಮೀನು ಹಿಡಿದಿದ್ದನಂತೆ. ಆದರೆ ಒಂದರ ಹೊಟ್ಟೆಯಲ್ಲೂ ತತ್ತಿ ನೋಡಿರಲಿಲ್ಲವಂತೆ. “ಮತ್ತ ಮರಿ ಎಲ್ಲಿಂದ ಬರ್ತಾವ?” ಎಂದು ಕೇಳಿದೆ. “ಅಲ್ಲಾಗ ಗೊತ್ತು. ನಮಗ ತಿನ್ನೂದು ಗೊತ್ತು” ಎಂದಳು ಆಪಾ.

ತತ್ತಿ ಇಲ್ಲ, ಮರಿ ಇದೆ. ಇಂಥದ್ದು ತಲೆಗೆ ಹೊಕ್ಕರೆ ನನಗೆ ಅನ್ನ ಸೇರುವುದಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಮೊಬೈಲಿನಲ್ಲಿ ಹುಡುಕಿ ಓದಿದೆ. ತಿಳಿಯದ್ದನ್ನು ಪಕ್ಕದ ಬೀದಿಯ ಕಾಲೇಜು ಮಾಸ್ತರರಿಗೆ, ಅವರ ಕನ್ನಡಕದ ಮೂಗು ಸರಿಮಾಡುತ್ತಾ, ಕೇಳಿದೆ. ಓದಿದ್ದು ಮೊದಲಿಗೆ ನಂಬಲಾಗಲಿಲ್ಲ.

ಹಾವುಮೀನು ಹುಟ್ಟುವುದು ಹೊಳೆಯಲ್ಲಿ ಅಲ್ಲ, ಸಮುದ್ರದಲ್ಲಿ. ಹಿಂದೂ ಮಹಾಸಾಗರದ ಆಳದಲ್ಲಿ ಎಲ್ಲೋ. ಎಲ್ಲಿ ಎಂದು ಇವತ್ತಿಗೂ ಯಾರೂ ಕಣ್ಣಾರೆ ಕಂಡು ಬೊಟ್ಟು ಮಾಡಿ ತೋರಿಸಿಲ್ಲವಂತೆ. ಹುಟ್ಟಿದಾಗ ಅದು ಮೀನಿನ ಹಾಗೂ ಇರುವುದಿಲ್ಲ, ಹಾವಿನ ಹಾಗೂ ಇರುವುದಿಲ್ಲ. ಬೇವಿನ ಎಲೆಯ ಹಾಗೆ ಚಪ್ಪಟೆ, ಆಚೆಗಿನದು ಕಾಣುವಷ್ಟು ತೆಳ್ಳಗೆ. ನೀರು ಒಯ್ದ ಕಡೆ ತೇಲುತ್ತಾ ಬರುತ್ತದೆ. ದಂಡೆ ಹತ್ತಿರ ಬಂದಾಗ ಮೈ ಸುತ್ತಿಕೊಂಡು ಸಣ್ಣ ಗಾಜಿನ ದಾರದ ಹಾಗಾಗುತ್ತದೆ. ಸಿಹಿನೀರಿನ ರುಚಿ ಸಿಕ್ಕ ಮೇಲೆ ಬಣ್ಣ ಬರುತ್ತದೆ. ಆಮೇಲೆ ಹೊಳೆ ಏರುತ್ತದೆ. ಹರಿವಿಗೆ ಎದುರಾಗಿ ಕೃಷ್ಣೆ, ಕೃಷ್ಣೆಯಿಂದ ತುಂಗಭದ್ರೆ, ತುಂಗಭದ್ರೆಯಿಂದ ಹಳ್ಳಕೊಳ್ಳ. ಒದ್ದೆ ಗೋಡೆಯನ್ನೂ ಹತ್ತಬಲ್ಲದು, ಒದ್ದೆ ಹುಲ್ಲಿನ ಮೇಲೂ ಹರಿಯಬಲ್ಲದು. ಹಾಗಿದ್ದರೂ ಅಷ್ಟು ಅಣೆಕಟ್ಟು ದಾಟಿ ನಮ್ಮ ಬಾವಿಯವರೆಗೆ ಹೇಗೆ ಬಂತು? ಅಥವಾ ಅಣೆಕಟ್ಟುಗಳಿಗಿಂತ ಮೊದಲೇ ಬಂದದ್ದೋ? ಮಾಸ್ತರರಿಗೂ ಗೊತ್ತಿರಲಿಲ್ಲ. ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಳೆಯಲ್ಲಿ ಅದು ತಿಂದು ಬೆಳೆಯುತ್ತದೆ. ಆದರೆ ಇಲ್ಲಿ ಸಂಸಾರ ಮಾಡುವುದಿಲ್ಲ. ವರ್ಷಗಟ್ಟಲೆ ಹಾಗೇ ಇರುತ್ತದೆ. ಒಂದು ದಿನ ಅದರ ಕಾಲ ಬರುತ್ತದೆ. ಆಗ ಹಳದಿ ಹೊಟ್ಟೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಸಮುದ್ರದ ಕತ್ತಲಲ್ಲಿ ಕಾಣಬೇಕೆಂದು ಕಣ್ಣು ದೊಡ್ಡವಾಗುತ್ತವೆ. ಊಟ ನಿಲ್ಲುತ್ತದೆ. ಮಳೆಗಾಲದ ನೆರೆ ಬಂದಾಗ ಹರಿಯುವ ನೀರಿನ ಜಾಡು ಹಿಡಿದು, ಹುಟ್ಟಿದ ಕಡಲಿಗೇ ತಿರುಗಿ ಹೋಗುತ್ತದೆ. ಅಲ್ಲಿ ಒಂದೇ ಸಲ ತತ್ತಿ ಇಟ್ಟು, ಅಲ್ಲೇ ಸಾಯುತ್ತದೆ. ಹೋಗಲು ದಾರಿ ಸಿಗದೆ ಬಾವಿಯಲ್ಲೋ ಕೆರೆಯಲ್ಲೋ ಸಿಕ್ಕಿಬಿದ್ದದ್ದು ಬಹಳ ವರ್ಷ ಬದುಕುತ್ತದಂತೆ. ಕಾಯುತ್ತಾ ಬದುಕುತ್ತದಂತೆ.

ಇದನ್ನು ಓದಿದ ಮಧ್ಯಾಹ್ನ ನಾನು ಅಂಗಡಿಯ ಬಾಗಿಲು ಅರ್ಧ ಎಳೆದು ಸುಮ್ಮನೆ ಕುಳಿತೆ. ಅರಿಷಿಣ ಹೋದ ಹೊಟ್ಟೆ, ದೊಡ್ಡ ಕಣ್ಣು, ಬಾವಿ ತುಂಬ ಕಪ್ಪೆ. ಅವ್ವ ಕಂಡದ್ದೆಲ್ಲ ಖರೆ, ಒಂದೂ ತಪ್ಪಿಲ್ಲ. ಕಾರಣ ಮಾತ್ರ ಬೇರೆ. ಮತ್ತೆ ಪಂಚಮಿಗೆ ಅದು ಪಾವಟಿಗೆಗೆ ಬರುತ್ತಿದ್ದದ್ದು? ಹಾಲಿಗಲ್ಲ. ಶ್ರಾವಣದ ಮಳೆನೀರು ಆ ಪಾವಟಿಗೆಯ ಮೇಲಿಂದ ಹರಿದು ಬರುತ್ತಿತ್ತು. ಹರಿಯುವ ನೀರು ಇದ್ದಲ್ಲಿ ದಾರಿ ಇರಬೇಕೆಂದು ಬಂದು ನಿಲ್ಲುತ್ತಿತ್ತು. ಕೆಳಗೆ ತವರಿಗೆ ಹೋಗಲಾರದ ಮೀನು, ಎದುರಿಗೆ ತವರಿಗೆ ಹೋಗಲಾರದ ನಮ್ಮವ್ವ, ಮೇಲೆ ದಂಡೆಯ ಮೇಲೆ “ಬಂದ್ನೇನ?” ಎಂದು ಕೇಳುವ ನಾವು. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದು ಮಾತ್ರ ತಿಳಿಯಲಿಲ್ಲ.

ಊರಿಗೆ ಹೇಳಲು ಬಾಯಿ ಬರಲಿಲ್ಲ. ಇಷ್ಟು ವರ್ಷದ ಪೂಜೆಯನ್ನು ಒಂದು ಫೋನಿನಲ್ಲಿ ಮೀನು ಎಂದು ಮುಗಿಸುವುದು ಹೇಗೆ? ಸುಮ್ಮನಿದ್ದೆ. ಮುಂದಿನ ಶ್ರಾವಣ ಹತ್ತಿರ ಬಂದಾಗ ವೈನಿಯ ಫೋನು ಬಂತು. ಅವ್ವನ ಮೊಣಕಾಲು ನೋಡಿದ ಡಾಕ್ಟರು ಪಾವಟಿಗೆ ಹತ್ತಿ ಇಳಿಯುವುದು ಪೂರ್ತಿ ಬಂದ್ ಎಂದಿದ್ದರಂತೆ.

“ಈ ವರ್ಷದಿಂದ ನಾನ ಇಳಿಬೇಕ್ರಿ. ನಮ್ಮಣ್ಣಗ ಬರಬ್ಯಾಡ ಅಂತ ಹೇಳೀನಿ” ಎಂದಳು ವೈನಿ. ಆಮೇಲೆ, “ಇರ್ಲಿ ಬಿಡ್ರಿ, ಅತ್ತಿಯಾರು ಇಷ್ಟ ವರ್ಷ ನಡಸ್ಯಾರ” ಎಂದಳು. ಹಿಂದೆ ಎಲ್ಲೋ ಅವ್ವನ ದನಿ ಕೇಳಿಸಿತು, “ನಾ ಕೂತಕೊಂಡ ತೆವಳತೀನಿ, ಆಕಿನ್ನ ಕಳಸತೀನಿ” ಎಂದು ಅಣ್ಣನ ಜೊತೆ ಜಗಳ.

ನಾನು ಮರುದಿನವೇ ಬಸ್ಸು ಹತ್ತಿದೆ. ಹಬ್ಬಕ್ಕೆ ಇನ್ನೂ ದಿನಗಳಿದ್ದವು.

ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ, ವಿಡಿಯೋ ತೋರಿಸಿ, ಹುಟ್ಟಿನಿಂದ ಸಾವಿನವರೆಗೆ ಎಲ್ಲ ಹೇಳಿದೆ. ಅಣ್ಣನ ಮುಖ ಕೆಂಪಗಾಯಿತು.

“ಮೀನಂತ? ಕುಡಿಯೂ ನೀರಾಗ ಮೀನ ಸಾಕಿ, ಅದಕ್ಕ ಹಾಲ ಎರದೀವಂತ? ಊರಾಗ ತಲಿ ಎತ್ತಿ ಅಡ್ಡಾಡೂದು ಬ್ಯಾಡೇನ? ಇದು ಈ ಬಾಗಿಲ ದಾಟಬಾರದು. ಹ್ಯಾಂಗ ನಡದೈತಿ ಹಂಗ ನಡೀಲಿ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ನಮ್ಮಣ್ಣನದು. ಇಲ್ಲಿ ಹಾವೇ ಇಲ್ಲವಲ್ಲ ಎಂದು ನಾನೂ ಗಂಟಲು ಏರಿಸಿದೆ. ವೈನಿ ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಏನು ಬೇಕೆಂದು ಎಲ್ಲರಿಗೂ ಗೊತ್ತಿತ್ತು, ಕೇಳುವ ಧೈರ್ಯ ಅವಳಿಗಿರಲಿಲ್ಲ.

ಅವ್ವ ಮೊಬೈಲು ಇಸಿದುಕೊಂಡು ವಿಡಿಯೋವನ್ನು ಮತ್ತೊಮ್ಮೆ ಹಾಕಿಸಿದಳು. ತನ್ನದೇ ಕೈ, ಕೊಬ್ಬರಿ ಬಟ್ಟಲು, ಮಳೆನೀರಿನ ಕಡೆ ಮೂತಿ ಇಟ್ಟ ಅದು. ಬಹಳ ಹೊತ್ತು ನೋಡಿದಳು.

“ಹಂಗಾರ ನಮ್ಮ ಹಾಲಿಗೆ ಬರತಿದ್ದಿಲ್ಲ ಅದು?”

“ಇಲ್ಲವ್ವಾ.”

“ಅದರ ತವರಮನಿ ಸಮುದ್ರ?”

“ಹೂಂ.”

“ಬಿಟ್ರ ಹೋಗಿ ಮುಟ್ಟತೈತೇನು?”

“ಗೊತ್ತಿಲ್ಲ. ದಾರ್‍ಯಾಗ ಬ್ಯಾರೇಜ ಐತಿ, ಮುಂದ ದೊಡ್ಡ ದೊಡ್ಡ ಡ್ಯಾಮ್ ಅದಾವು.”

“ಮುಟ್ಟೂದು ಬಿಡೂದು ಅದರ ಹಣೇಬಾರ. ಕಳಸೂದು ನಮ್ಮ ಕೆಲಸ” ಎಂದಳು ಅವ್ವ. ಅಣ್ಣನ ಕಡೆ ತಿರುಗಿ, “ಗಾಡಿ ತಗೀ. ಬ್ಯಾರೇಜಿನ ಕೆಳಗ, ಮುಂಡರಗಿ ಕಡೆ ಹೋಗಿ ಬಿಡೂಣು. ಅದೊಂದ ಅಡ್ಡಿಯರ ತಪ್ಪಲಿ ಅದಕ್ಕ” ಎಂದಳು. ಅವಳು ಆ ದನಿಯಲ್ಲಿ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅಣ್ಣ ಚಪ್ಪಲಿ ಮೆಟ್ಟಿದ.

ಮೀನು ಮುಟ್ಟದ ಮನೆಯವರು ಮೀನು ಹಿಡಿಯುವ ಚಂದ ಊರು ನೋಡಬೇಕಿತ್ತು. ಪುಣ್ಯಕ್ಕೆ ಮಳೆ ಜೋರಾಗಿ ಯಾರೂ ಹೊಲದಲ್ಲಿರಲಿಲ್ಲ. ಅಣ್ಣ ಹಳೆಯ ಸೀರೆಯನ್ನು ಬಲೆ ಮಾಡಿ ಬೀಸಿದ, ಅದು ಸೀರೆಯ ಕೆಳಗಿಂದ ಹೋಯಿತು. ಕೈ ಹಾಕಿದ, ಲೋಳೆಯಾಗಿ ಜಾರಿತು, ಅದರ ಹಿಂದೆ ಅಣ್ಣನೂ ಜಾರಿ ಸೊಂಟದವರೆಗೆ ನೀರಿನಲ್ಲಿ ಕೂತ. ವೈನಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಡೆಗೆ ಬಾವಿಯ ದಂಡೆಯ ಮೇಲೆ ಛತ್ರಿ ಹಿಡಿದು ಕೂತಿದ್ದ ಅವ್ವನೇ ದಾರಿ ಹೇಳಿದಳು. ಹಾಲು ತುಂಬುವ ಡೇರಿ ಕ್ಯಾನನ್ನು ಕೆಳಗಿನ ಪಾವಟಿಗೆಯ ಮೇಲೆ, ನೀರಿಗೆ ಬಾಯಿ ಮಾಡಿ, ಅಡ್ಡ ಮಲಗಿಸು. ಕ್ಯಾನಿನ ತಳದಿಂದಲೇ ನೀರು ಹೊರಗೆ ಹರಿದು ಬರುತ್ತಿದೆ ಎನಿಸುವ ಹಾಗೆ, ಒಂದೊಂದೇ ಕೊಡ ನೀರನ್ನು ಅದರ ಬಾಯಿಯೊಳಕ್ಕೆ ಸುರಿಯುತ್ತಿರು. ಅಣ್ಣ ಗೊಣಗುತ್ತಾ ಹಾಗೇ ಮಾಡಿದ. ಕ್ಯಾನಿನಿಂದ ನೀರು ಹೊರಳಿ ಹೊರಗೆ ಹರಿಯತೊಡಗಿತು. ಅದು ಬಂತು. ಹರಿಯುವ ನೀರಿಗೆ ಮೂತಿ ಇಟ್ಟು, ಒಂದು ಕ್ಷಣ ತಡೆದು, ತಾನಾಗಿಯೇ ಒಳಗೆ ಹೋಯಿತು.

ಗಾಡಿಗೆ ಏರಿಸುವ ಮುಂಚೆ ಅವ್ವ “ತಡೀರಿ” ಎಂದಳು. ಮನೆಯಿಂದ ಹೆಣ್ಣುಮಗಳನ್ನು ಕಳಿಸುವಾಗ ಮಾಡುವ ಹಾಗೆ ಕ್ಯಾನಿಗೆ ಅರಿಷಿಣ ಕುಂಕುಮ ಹಚ್ಚಿ, ಮುಚ್ಚಳದ ಮೇಲೆ ಒಂದು ಕುಬಸದ ಬಟ್ಟೆಯ ಕಣ, ಒಂದು ಹಿಡಿ ಅಕ್ಕಿ ಇಟ್ಟು ಉಡಿ ತುಂಬಿದಳು. ಮೀನು ಎಂದು ಗೊತ್ತಾದ ಮೇಲೂ. ಅಣ್ಣ ಏನೋ ಹೇಳಲು ಬಾಯಿ ತೆರೆದವನು ಅವ್ವನ ಮುಖ ನೋಡಿ ಕ್ಯಾನನ್ನು ಎತ್ತಿ ಗಾಡಿಯಲ್ಲಿಟ್ಟ.

ಬ್ಯಾರೇಜಿನ ಕೆಳಗೆ ಹೊಳೆ ಕೆಂಪಗೆ, ಎರಡೂ ದಂಡೆ ತುಂಬಿ ಹೋಗುತ್ತಿತ್ತು. ಕ್ಯಾನನ್ನು ದಂಡೆಯ ನೀರಿನಲ್ಲಿ ಮೆಲ್ಲಗೆ ಬಗ್ಗಿಸಿದೆವು. ನಾನು ಏನೇನೋ ನೋಡಬೇಕೆಂದುಕೊಂಡಿದ್ದೆ: ಯಾವ ಕಡೆ ತಿರುಗುತ್ತದೆ, ಹರಿವು ಹೇಗೆ ಗುರುತು ಹಿಡಿಯುತ್ತದೆ, ಕಿವಿ ಏನು ಮಾಡುತ್ತವೆ. ಒಂದೂ ಕಾಣಲಿಲ್ಲ. ಕ್ಯಾನಿನ ಬಾಯಿಯಿಂದ ಬೆಳ್ಳಗೆ ಒಂದು ಗೆರೆ ಎಳೆದ ಹಾಗಾಯಿತು, ಆಮೇಲೆ ಬರೀ ಕೆಂಪು ನೀರು. ಅವ್ವ ಗಾಡಿಯಿಂದ ಇಳಿಯಲಾರದೆ ಅಲ್ಲಿಂದಲೇ “ಹೋತೇನ?” ಎಂದು ಕೂಗಿದಳು. “ಹೋತು” ಎಂದೆ.

ಪಂಚಮಿಯ ಹಿಂದಿನ ದಿನ ವೈನಿಯ ಅಣ್ಣ ಕಳಸಾಪುರದಿಂದ ಗಾಡಿಯ ಮೇಲೆ ಬಂದು ತಂಗಿಯನ್ನು ಕರೆದುಕೊಂಡು ಹೋದ. ಮರುದಿನ ಬೆಳಿಗ್ಗೆ ನಮ್ಮಣ್ಣ ಮನೆಯ ಮುಂದೆ ಮಣ್ಣಿನ ನಾಗಪ್ಪನಿಗೆ, ಎಲ್ಲರ ಮನೆಯಲ್ಲಿ ಎರೆಯುವ ಹಾಗೆ, ಹಾಲೆರೆಯಲು ಚರಿಗೆ ಹುಡುಕುತ್ತಿದ್ದ. ಒಳಗೆ ಅವ್ವ ಟ್ರಂಕು ತೆರೆದು ಕೂತಿದ್ದಳು. ಇಳಕಲ್ಲ ಸೀರೆ ತೆಗೆದು ಉಟ್ಟಳು. ಕೈಚೀಲಕ್ಕೆ ಉಂಡಿ ತುಂಬಿದಳು.

“ನನ್ನ ಲಕ್ಷ್ಮೇಶ್ವರಕ್ಕ ಕರಕೊಂಡ ಹೋಗು” ಎಂದಳು ನನಗೆ.

“ಮಾಮಾ ಕರಿಯಾಕ ಬಂದಿಲ್ಲಲ್ಲವ್ವಾ?”

ಮಾವ ಕರೆಯಲು ಬರುವುದನ್ನು ನಿಲ್ಲಿಸಿ ಆಗಲೇ ಬಹಳ ವರ್ಷವಾಗಿತ್ತು. ಅವನಿಗೂ ವಯಸ್ಸಾಗಿತ್ತು. ಎಷ್ಟು ಸಲ ಅಂತ ಖಾಲಿ ಚೀಲ ಮಡಚಿಕೊಂಡು ಹೋಗಬೇಕು ಮನುಷ್ಯ?

“ಬರೂದು ನೋಡಕೋತ ಕುಂತ್ರ ನಾ ಹೋಗ್ತೀನೇನು?” ಎಂದಳು ಅವ್ವ.

ಲಕ್ಷ್ಮೇಶ್ವರದ ಆ ಓಣಿಯಲ್ಲಿ ಮಕ್ಕಳು ಜೋಕಾಲಿ ಕಟ್ಟಿ ಕೂಗಾಡುತ್ತಿದ್ದರು. ಮಾವ ಕಟ್ಟೆಯ ಮೇಲೆ ಕೂತಿದ್ದ. ಅಕ್ಕ ಬಾಗಿಲಲ್ಲಿ ನಿಂತದ್ದು ನೋಡಿ ಅವನಿಗೆ ಸಂತೋಷವಾಗಲಿಲ್ಲ, ಗಾಬರಿಯಾಯಿತು. ಪಂಚಮಿಯ ದಿನ ಅವಳು ಆ ಮನೆಯ ಹೊಸ್ತಿಲಲ್ಲಿ ನಿಂತದ್ದನ್ನು ಅವನು ಅವಳ ಮದುವೆಗೆ ಮೊದಲಷ್ಟೇ ನೋಡಿದ್ದು.

“ಯಾಕಕ್ಕಾ? ಏನಾತು? ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲೋ? ಯಾರು ಕಳಸಿದ್ರು ನಿನ್ನ?”

“ಯಾರೂ ಕಳಸಿಲ್ಲ. ಹಬ್ಬಕ್ಕ ಬಂದೀನಿ” ಎಂದಳು ಅವ್ವ.

ಒಳಗೆ ಹೋದ ಮೇಲೆ ಅವ್ವನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪಂಚಮಿಯ ಹೊತ್ತಿನಲ್ಲಿ ಅವಳು ಸುಮ್ಮನೆ ಕೂತು ಗೊತ್ತಿದ್ದವಳಲ್ಲ. ಸೆರಗು ಸಿಕ್ಕಿಸಿ ಅಡಿಗೆಮನೆಗೆ ನಡೆದಳು. ಹಿಟ್ಟಿನ ಡಬ್ಬಿ ಎಲ್ಲಿ ಎಂದು ಕೇಳಿದಳು. ಮಾವ ಹಿಂದಿನಿಂದ ಹೋಗಿ ಅವಳ ಕೈ ಹಿಡಿದು ಈಚೆ ಕರೆತಂದು, ನಡುಮನೆಯಲ್ಲಿ ಮಣೆ ಹಾಕಿ, “ಇಲ್ಲಿ ಕುಂಡ್ರು” ಎಂದ. ಅವ್ವ ಕೂತಳು. ಮೊಣಕಾಲು ಮಡಿಸಲಾಗದೆ ಚಾಚಿಕೊಂಡೇ ಕೂತಳು. ಮಾವನ ಹೆಂಡತಿ ಬಂದು ಎಲೆ ಹಾಕಿ, ಉಂಡಿ ಇಟ್ಟು, ಬಿಸಿ ಅನ್ನ ಬಡಿಸಿದಳು.

“ಉಣ್ಣಕ್ಕಾ” ಎಂದ ಮಾವ.

ಅವ್ವ ಅಷ್ಟೊತ್ತಿನ ತನಕ ತಡೆದುಕೊಂಡವಳು, ಬಡಿಸಿದ ಎಲೆಯನ್ನು ನೋಡಿ, ಸಣ್ಣ ಹುಡುಗಿಯ ಹಾಗೆ ಅತ್ತಳು.